ಮಿಸ್ಸಾಂಡೇ (ಗೇಮ್ ಆಫ್ ಥ್ರೋನ್ಸ್ ಪಾತ್ರ)

ಮಿಸ್ಸಾಂಡೇ ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಕಾದಂಬರಿ ಮಾಲೆಯಲ್ಲಿಯೂ, ಅದನ್ನು ಆಧರಿಸಿ ಎಚ್‌ಬಿಒ ವಾಹಿನಿಯು ಪ್ರಸಾರ ಮಾಡಿದ ‘ಗೇಮ್ ಆಫ್ ಥ್ರೋನ್ಸ್’ ದೂರದರ್ಶನ ಧಾರಾವಾಹಿಯಲ್ಲಿಯೂ ಬರುವ ಒಂದು ಪೋಷಕ ಪಾತ್ರ. ಗುಲಾಮರ ವ್ಯಾಪಾರಿಯೊಬ್ಬನ ದುಭಾಷಿಯಾಗಿ ಕಥೆಯನ್ನು ಪ್ರವೇಶಿಸುವ ಈಕೆ ಬಿಡುಗಡೆ ಹೊಂದಿದ ಬಳಿಕ ಡೆನೇರಿಸ್ ಟಾರ್ಗೇರಿಯನ್ ಎಂಬ ರಾಣಿಯ ದುಭಾಷಿ, ಆಪ್ತಸಖಿ ಹಾಗೂ ಸಲಹೆಗಾರ್ತಿಯಾಗುತ್ತಾಳೆ. ಕಾದಂಬರಿಗಳಲ್ಲಿ ಈ ಪಾತ್ರವು 2000ರಲ್ಲಿ ಪ್ರಕಟವಾದ ‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’ ಕೃತಿಯಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಧಾರಾವಾಹಿಯಲ್ಲಿ ಇಂಗ್ಲೆಂಡಿನ ನಟಿ ನಥಾಲಿ ಇಮ್ಯಾನ್ಯುಯೆಲ್ ಈ ಪಾತ್ರವನ್ನು 2013ರಿಂದ 2019ರವರೆಗೆ, ಅಂದರೆ ಮೂರನೆಯ ಸರಣಿಯಿಂದ ಎಂಟನೆಯ ಸರಣಿಯವರೆಗೆ, ನಿರ್ವಹಿಸಿದರು.

ಹತ್ತೊಂಬತ್ತು ಭಾಷೆಗಳನ್ನು ಬಲ್ಲವಳೆಂದು ಚಿತ್ರಿತಳಾಗಿರುವ ಮಿಸ್ಸಾಂಡೇಯ ಕೈಯಲ್ಲಿ ಆಯುಧವಿಲ್ಲ, ಆಕೆಗೆ ಕುಲದ ಬಲವಾಗಲಿ ಸಂಪತ್ತಾಗಲಿ ಇಲ್ಲ. ಒಬ್ಬರ ಮಾತನ್ನು ಮತ್ತೊಬ್ಬರಿಗೆ ಯಾವ ಶಬ್ದಗಳಲ್ಲಿ ತಲುಪಿಸಬೇಕು ಎಂಬ ಆಯ್ಕೆಯೊಂದೇ ಅವಳ ವಶದಲ್ಲಿರುವುದು. ಈ ಆಯ್ಕೆಯು ಸನ್ನಿವೇಶದಿಂದ ಸನ್ನಿವೇಶಕ್ಕೆ ಬದಲಾಗುವ ಬಗೆಯಲ್ಲಿಯೇ ಪಾತ್ರದ ಬೆಳವಣಿಗೆಯನ್ನು ಗುರುತಿಸಬಹುದು.

ಹಿನ್ನೆಲೆ

ಮಾರ್ಟಿನ್ ಅವರ ಕಲ್ಪನಾ ಜಗತ್ತಿನಲ್ಲಿ ವೆಸ್ಟೆರೋಸ್ ಮತ್ತು ಎಸ್ಸೋಸ್ ಎಂಬ ಎರಡು ಪ್ರಮುಖ ಖಂಡಗಳಿವೆ. ಕಥೆಯ ಬಹುಭಾಗವು ವೆಸ್ಟೆರೋಸಿನ ಸಿಂಹಾಸನಕ್ಕಾಗಿ ನಡೆಯುವ ಕಲಹವನ್ನು ಕುರಿತದ್ದು. ಪದಚ್ಯುತ ರಾಜವಂಶದ ಕುಡಿಯಾದ ಡೆನೇರಿಸ್ ಸಮುದ್ರದಾಚೆಯ ಎಸ್ಸೋಸಿನಲ್ಲಿ ದೇಶಭ್ರಷ್ಟಳಾಗಿ ಬೆಳೆದು, ಅಲ್ಲಿಯೇ ಸೈನ್ಯವನ್ನು ಕಟ್ಟುತ್ತಾಳೆ. ಎಸ್ಸೋಸಿನ ದಕ್ಷಿಣ ಕರಾವಳಿಯಲ್ಲಿ ಆಸ್ಟಪೋರ್, ಯುಂಕಾಯ್ ಮತ್ತು ಮೀರೀನ್ ಎಂಬ ಮೂರು ನಗರಗಳಿದ್ದು, ಮನುಷ್ಯರ ಕ್ರಯವಿಕ್ರಯವೇ ಅವುಗಳ ಐಶ್ವರ್ಯದ ಮೂಲ. ಈ ಪ್ರದೇಶಕ್ಕೆ ‘ಸ್ಲೇವರ್ಸ್ ಬೇ’, ಅಂದರೆ ಗುಲಾಮ ವ್ಯಾಪಾರಿಗಳ ಕೊಲ್ಲಿ, ಎಂಬ ಹೆಸರಿದೆ.

ಮಿಸ್ಸಾಂಡೇ ಹುಟ್ಟಿದ್ದು ನಾಥ್ ಎಂಬ ದ್ವೀಪದಲ್ಲಿ. ನಾಥ್‌ನ ಜನರು ಶಾಂತಿಪ್ರಿಯರು. ಯುದ್ಧ ಮಾಡುವುದಿಲ್ಲ, ಕಾದಂಬರಿಗಳ ಪ್ರಕಾರ ಮಾಂಸಾಹಾರವನ್ನೂ ಸೇವಿಸುವುದಿಲ್ಲ. ಈ ಕಾರಣದಿಂದಲೇ ಅವರು ಗುಲಾಮ ವ್ಯಾಪಾರಿಗಳಿಗೆ ಸುಲಭವಾಗಿ ಸೆರೆಸಿಗುತ್ತಾರೆ. ಬಾಲ್ಯದಲ್ಲಿಯೇ ಅಪಹೃತಳಾದ ಮಿಸ್ಸಾಂಡೇ ಆಸ್ಟಪೋರ್ ನಗರವನ್ನು ಸೇರುತ್ತಾಳೆ. ಭಾಷೆಗಳನ್ನು ಬೇಗನೆ ಕಲಿಯುವ ಆಕೆಯ ಶಕ್ತಿಯನ್ನು ಕಂಡ ಒಡೆಯರು ಅವಳನ್ನು ದುಭಾಷಿಯ ಕೆಲಸಕ್ಕೆ ತೊಡಗಿಸುತ್ತಾರೆ. ಆಕೆಯ ಪಾಂಡಿತ್ಯವು ಹೀಗೆ ಗುಲಾಮಗಿರಿಯಲ್ಲಿಯೇ ಬೆಳೆದದ್ದು. ಬಲ್ಲ ಭಾಷೆಗಳು ಹೆಚ್ಚಿದಷ್ಟೂ ಒಡೆಯನಿಗೆ ಆಕೆಯಿಂದಾಗುವ ಉಪಯೋಗವೂ ಹೆಚ್ಚು.

ಕಾದಂಬರಿಗಳಲ್ಲಿ

ಕಾದಂಬರಿಯ ಮಿಸ್ಸಾಂಡೇ ಸುಮಾರು ಹತ್ತು ವರ್ಷದ ಬಾಲಕಿ. ವಯಸ್ಸಿಗೆ ಮೀರಿದ ಗಾಂಭೀರ್ಯ ಮತ್ತು ತಿಳಿವಳಿಕೆ ಅವಳಲ್ಲಿದೆ. ಗುಲಾಮರಿಗೆ ಕಲಿಸಿದ ರೂಢಿಯಂತೆ ಅವಳು ‘ನಾನು’ ಎನ್ನುವುದಿಲ್ಲ. ತನ್ನನ್ನು ‘ಈಕೆ’ ಎಂದು, ಮೂರನೆಯವಳೊಬ್ಬಳನ್ನು ಕುರಿತು ಹೇಳುವಂತೆ ಹೇಳಿಕೊಳ್ಳುತ್ತಾಳೆ. ಅನೇಕರ ಪರವಾಗಿ ‘ನಾನು’ ಎಂದು ನುಡಿಯಬೇಕಾದ ದುಭಾಷಿಗೆ ತನ್ನ ಪಾಲಿನ ‘ನಾನು’ ಇಲ್ಲದಿರುವುದು ಇಲ್ಲಿ ಗಮನಿಸಬೇಕಾದ ಅಂಶ.

ಅವಳ ಅಣ್ಣಂದಿರನ್ನೂ ಅವಳೊಂದಿಗೇ ಅಪಹರಿಸಿ ‘ಅನ್‌ಸಲೀಡ್’ ಎಂಬ ಗುಲಾಮ ಸೈನ್ಯಕ್ಕೆ ಸೇರಿಸಲಾಗಿರುತ್ತದೆ. ಎಳವೆಯಲ್ಲಿಯೇ ಪುರುಷತ್ವವನ್ನು ಕಳೆದು, ಕ್ರೂರವಾದ ತರಬೇತಿಯಿಂದ ರೂಪಿಸಿದ ಕಾಲಾಳುಗಳ ಪಡೆಯಿದು. ‘ಕಳಂಕವಿಲ್ಲದವರು’ ಎಂಬುದು ಹೆಸರಿನ ಅರ್ಥ. ಡೆನೇರಿಸ್ ಸ್ವಾತಂತ್ರ್ಯವನ್ನು ಕೊಟ್ಟ ನಂತರವೂ ಬಾಲಕಿಯು ಅವಳ ಬಳಿಯೇ ಉಳಿಯುತ್ತಾಳೆ. ತವರಿಗೆ ಮರಳಿದರೆ ಗುಲಾಮ ವ್ಯಾಪಾರಿಗಳು ಮತ್ತೆ ಬಂದಾರು ಎಂಬ ಭಯ ಅವಳದು.

2011ರಲ್ಲಿ ಪ್ರಕಟವಾದ ‘ಎ ಡ್ಯಾನ್ಸ್ ವಿತ್ ಡ್ರಾಗನ್ಸ್’ ಕೃತಿಯಲ್ಲಿ ಅವಳು ಮೀರೀನ್ ಅರಮನೆಯಲ್ಲಿ ರಾಣಿಯ ಲಿಪಿಕಾರಳೂ ಬಿರುದಾವಳಿಯನ್ನು ಸಾರುವವಳೂ ಆಗಿದ್ದಾಳೆ. ಡೆನೇರಿಸ್ ಡ್ರಾಗನ್ ಏರಿ ನಗರದಿಂದ ಮರೆಯಾದ ಬಳಿಕ ಸರ್ ಬ್ಯಾರಿಸ್ಟನ್ ಸೆಲ್ಮಿ ಎಂಬ ವೃದ್ಧ ಯೋಧನಿಗೆ ನೆರವಾಗುತ್ತಾಳೆ. ಸುಟ್ಟಗಾಯಗಳಿಂದ ಮರಣಾಸನ್ನನಾದ ಕ್ವೆಂಟಿನ್ ಮಾರ್ಟೆಲ್ ಎಂಬ ರಾಜಕುಮಾರನ ಆರೈಕೆ ಮಾಡುತ್ತಾಳೆ. ಈವರೆಗೆ ಪ್ರಕಟವಾದ ಕಾದಂಬರಿಗಳಲ್ಲಿ ಈ ಪಾತ್ರವು ಜೀವಂತವಾಗಿದೆ.

ದೂರದರ್ಶನ ಧಾರಾವಾಹಿಯಲ್ಲಿ

ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ರೂಪಿಸಿದ ಧಾರಾವಾಹಿಯು 2011ರ ಏಪ್ರಿಲ್ 17ರಿಂದ 2019ರ ಮೇ 19ರವರೆಗೆ ಎಂಟು ಸರಣಿಗಳಲ್ಲಿ, ಒಟ್ಟು 73 ಕಂತುಗಳಾಗಿ ಪ್ರಸಾರವಾಯಿತು. ಇದರಲ್ಲಿ ಮಿಸ್ಸಾಂಡೇಯನ್ನು ಬಾಲಕಿಯ ಬದಲು ಯುವತಿಯನ್ನಾಗಿ ಮಾರ್ಪಡಿಸಲಾಗಿದೆ. ಕಾದಂಬರಿಗಳಲ್ಲಿ ಇಲ್ಲದ, ಆಕೆಗೂ ಅನ್‌ಸಲೀಡ್ ದಳಪತಿ ಗ್ರೇ ವರ್ಮ್‌ಗೂ ನಡುವಿನ ಪ್ರೇಮಕಥೆಗೆ ಈ ಮಾರ್ಪಾಡಿನಿಂದ ಅವಕಾಶವಾಯಿತು.

ಆಸ್ಟಪೋರ್

ಮಿಸ್ಸಾಂಡೇ ಮೊದಲು ಕಾಣಿಸಿಕೊಳ್ಳುವುದು 2013ರ ಮಾರ್ಚ್ 31ರಂದು ಪ್ರಸಾರವಾದ, ಮೂರನೆಯ ಸರಣಿಯ ಮೊದಲ ಕಂತಿನಲ್ಲಿ. ಸೈನ್ಯವನ್ನು ಕೊಳ್ಳಲು ಆಸ್ಟಪೋರ್‌ಗೆ ಬಂದ ಡೆನೇರಿಸ್‌ಗೆ ಕ್ರಾಜ್ನಿಸ್ ಮೊ ನಕ್ಲೋಜ್ ಎಂಬ ವ್ಯಾಪಾರಿಯು ಅನ್‌ಸಲೀಡ್ ಪಡೆಯನ್ನು ತೋರಿಸುತ್ತಾನೆ. ಅವನು ಮಾತನಾಡುವುದು ಆಸ್ಟಪೋರ್‌ನ ಆಡುನುಡಿಯಲ್ಲಿ. ಡೆನೇರಿಸ್ ಮಾತನಾಡುವುದು ವೆಸ್ಟೆರೋಸಿನ ಸಾಮಾನ್ಯ ಭಾಷೆಯಲ್ಲಿ. ಇಬ್ಬರ ನಡುವೆ ನಿಂತು ಮಾತನ್ನು ದಾಟಿಸುವವಳು ಮಿಸ್ಸಾಂಡೇ.

ಎದುರಿಗಿರುವ ಹೆಣ್ಣಿಗೆ ತನ್ನ ಭಾಷೆ ತಿಳಿಯದೆಂದು ನಂಬಿರುವ ಕ್ರಾಜ್ನಿಸ್ ಪ್ರತಿ ವಾಕ್ಯದಲ್ಲಿಯೂ ಆಕೆಯನ್ನು ಅಶ್ಲೀಲವಾಗಿ ನಿಂದಿಸುತ್ತಾನೆ. ಮಿಸ್ಸಾಂಡೇ ಆ ಬೈಗುಳಗಳನ್ನು ಬಿಟ್ಟು, ಅವನ ಆಜ್ಞೆಗಳನ್ನು ವಿನಂತಿಗಳನ್ನಾಗಿಯೂ ತಿರಸ್ಕಾರವನ್ನು ಸೌಜನ್ಯವನ್ನಾಗಿಯೂ ಮಾರ್ಪಡಿಸಿ ಹೇಳುತ್ತಾಳೆ. ಬೆಲೆ, ಸಂಖ್ಯೆ, ತರಬೇತಿಯ ವಿವರ ಮುಂತಾದ ವ್ಯವಹಾರದ ಸಂಗತಿಗಳಲ್ಲಿ ಏನನ್ನೂ ಬದಲಿಸುವುದಿಲ್ಲ. ಮೂಲದ ಮಾತಿನ ಅರ್ಥವು ಪರದೆಯ ಕೆಳಭಾಗದಲ್ಲಿ ಅಡಿಬರಹವಾಗಿ ಬರುತ್ತಿರುವಾಗಲೇ ಆಕೆಯ ವಿನಯದ ಅನುವಾದವೂ ಕೇಳಿಸುವುದರಿಂದ, ಎರಡರ ನಡುವಿನ ಅಂತರವು ವೀಕ್ಷಕನಿಗೆ ಕೂಡಲೇ ತಿಳಿಯುತ್ತದೆ. ದೃಶ್ಯದ ಹಾಸ್ಯಕ್ಕೂ ಅದರ ಭೀಕರತೆಗೂ ಕಾರಣವಾಗಿರುವುದು ಈ ಅಂತರವೇ. ಮಾತು ಕೆಟ್ಟರೆ ಪೆಟ್ಟು ತಿನ್ನಬೇಕಾದವಳು ದುಭಾಷಿ. ಆದುದರಿಂದ ಈ ಮೃದುತ್ವವು ಸೌಜನ್ಯದಷ್ಟೇ ಆತ್ಮರಕ್ಷಣೆಯ ಉಪಾಯವೂ ಹೌದು.

ಮೂರನೆಯ ಕಂತಿನಲ್ಲಿ ಡೆನೇರಿಸ್ ತನ್ನ ಮೂರು ಡ್ರಾಗನ್‌ಗಳಲ್ಲಿ ಅತಿದೊಡ್ಡದನ್ನು ಕೊಟ್ಟು ಎಂಟು ಸಾವಿರ ಅನ್‌ಸಲೀಡ್ ಯೋಧರನ್ನು ಪಡೆಯಲು ಒಪ್ಪುತ್ತಾಳೆ. ವ್ಯಾಪಾರ ಕುದುರಿದ ಕುರುಹಾಗಿ ದುಭಾಷಿಯನ್ನೂ ಕೇಳಿ ಪಡೆಯುತ್ತಾಳೆ. 2013ರ ಏಪ್ರಿಲ್ 21ರಂದು ಪ್ರಸಾರವಾದ ನಾಲ್ಕನೆಯ ಕಂತಿನಲ್ಲಿ ಸೈನ್ಯದ ಒಡೆತನದ ಚಾವಟಿಯು ಕೈಗೆ ಬಂದ ಕೂಡಲೇ ಅವಳು ಶುದ್ಧ ವಲಿರಿಯನ್ ಭಾಷೆಯಲ್ಲಿ ಮಾತನಾಡತೊಡಗುತ್ತಾಳೆ. ಅದು ಅವಳ ಮಾತೃಭಾಷೆ. ಕ್ರಾಜ್ನಿಸ್ ಆಡಿದ ಪ್ರತಿಯೊಂದು ಬೈಗುಳವೂ ಅವಳಿಗೆ ಅರ್ಥವಾಗಿತ್ತು. ಸೈನಿಕರನ್ನು ಬಿಡುಗಡೆ ಮಾಡಿ, ಡ್ರಾಗನ್‌ಗೆ ಬೆಂಕಿಯುಗುಳಲು ಆಜ್ಞಾಪಿಸಿ ಅವನನ್ನು ಸುಡಿಸುತ್ತಾಳೆ. ಈ ಆಜ್ಞೆಯ ಶಬ್ದ ‘ಡ್ರಕಾರಿಸ್’. ವಲಿರಿಯನ್ ಭಾಷೆಯಲ್ಲಿ ‘ಡ್ರಾಗನ್ ಬೆಂಕಿ’ ಎಂದು ಅರ್ಥ.

ಈ ತಿರುವಿನಿಂದ ಹಿಂದಿನ ದೃಶ್ಯಗಳಿಗೆ ಹೊಸ ಅರ್ಥ ಬರುತ್ತದೆ. ಮಿಸ್ಸಾಂಡೇಯ ಅನುವಾದವು ಡೆನೇರಿಸ್‌ಗೆ ಅಗತ್ಯವೇ ಇರಲಿಲ್ಲ. ಆದರೆ ಮೂಲವನ್ನೂ ಅನುವಾದವನ್ನೂ ಒಟ್ಟಿಗೆ ಕೇಳುತ್ತಿದ್ದ ಅವಳಿಗೆ ದುಭಾಷಿಯ ಜಾಣ್ಮೆ ಮತ್ತು ಸ್ವಭಾವ ಎರಡೂ ತಿಳಿದುಬಂದವು. ಅನುವಾದವನ್ನು ಮೂಲದೊಡನೆ ಹೋಲಿಸಬಲ್ಲ ಒಬ್ಬಳೇ ಕೇಳುಗಳು ಆಕೆಯನ್ನು ಆರಿಸಿಕೊಂಡಳು ಎಂಬುದು ಮುಂದೆ ಅವರ ನಡುವೆ ಬೆಳೆಯುವ ವಿಶ್ವಾಸಕ್ಕೆ ತಳಹದಿ.

ಯುಂಕಾಯ್ ಮತ್ತು ಮೀರೀನ್

ಮೂರನೆಯ ಸರಣಿಯ ಕೊನೆಯ ಕಂತಿನಲ್ಲಿ ಯುಂಕಾಯ್ ನಗರದ ಬಿಡುಗಡೆಗೊಂಡ ಗುಲಾಮರು ಡೆನೇರಿಸ್‌ಳನ್ನು ಸುತ್ತುವರಿದು ‘ಮೀಸಾ’ ಎಂದು ಕೂಗುತ್ತಾರೆ. ಇದು ಹಳೆಯ ಗಿಸ್ಕಾರಿ ಭಾಷೆಯ ಶಬ್ದವೆಂದೂ ‘ತಾಯಿ’ ಎಂದು ಅರ್ಥವೆಂದೂ ಮಿಸ್ಸಾಂಡೇ ವಿವರಿಸುತ್ತಾಳೆ. ಡೆನೇರಿಸ್ ಆ ಬಳಿಕ ತನ್ನನ್ನು ಕುರಿತು ಕಟ್ಟಿಕೊಳ್ಳುವ ಚಿತ್ರದಲ್ಲಿ ಈ ಸಂಬೋಧನೆಗೆ ದೊಡ್ಡ ಸ್ಥಾನವಿದೆ. ಜನರು ಕೂಗಿದ ಶಬ್ದವನ್ನು ನಾಯಕಿಗೆ ಅರ್ಥ ಮಾಡಿಸಿದವಳು ದುಭಾಷಿ.

ನಾಲ್ಕನೆಯ ಸರಣಿಯ ಮೂರನೆಯ ಕಂತಿನಲ್ಲಿ ಮೀರೀನ್ ನಗರದ ಹೆಬ್ಬಾಗಿಲಿನಿಂದ ಹೊರಬಂದ ಯೋಧನೊಬ್ಬನು ಡೆನೇರಿಸ್‌ಳನ್ನೂ ಅವಳ ಸೈನ್ಯವನ್ನೂ ಅಸಭ್ಯವಾಗಿ ಹಳಿಯುತ್ತಾನೆ. ಆಸ್ಟಪೋರ್‌ನಲ್ಲಿ ಬೈಗುಳಗಳನ್ನು ನುಂಗಿಕೊಂಡಿದ್ದ ಮಿಸ್ಸಾಂಡೇ ಇಲ್ಲಿ ಅವನ ಮಾತುಗಳನ್ನು ಇದ್ದುದು ಇದ್ದಂತೆಯೇ ಭಾಷಾಂತರಿಸುತ್ತಾಳೆ. ಕೇಳುವವರು ಕೋಪಗೊಂಡು ತನ್ನನ್ನು ದಂಡಿಸುವರೆಂಬ ಭಯ ಈಗಿಲ್ಲ. ಒಂದು ಸರಣಿಯ ಅಂತರದಲ್ಲಿ ಬರುವ ಈ ಎರಡು ದೃಶ್ಯಗಳನ್ನು ಜೊತೆಯಿಟ್ಟು ನೋಡಿದರೆ, ಬಿಡುಗಡೆಯು ಆಕೆಯ ಮಾತಿನಲ್ಲಿ ತಂದ ಬದಲಾವಣೆಯು ಸ್ಪಷ್ಟವಾಗುತ್ತದೆ.

ಅದೇ ಸರಣಿಯ ನಾಲ್ಕನೆಯ ಕಂತಿನಲ್ಲಿ ಆಕೆ ಗ್ರೇ ವರ್ಮ್‌ಗೆ ಸಾಮಾನ್ಯ ಭಾಷೆಯನ್ನು ಕಲಿಸುತ್ತಾಳೆ. ಗುಲಾಮಗಿರಿಗೆ ಮುನ್ನ ನಿನ್ನ ಬದುಕು ಹೇಗಿತ್ತು ಎಂಬ ಪ್ರಶ್ನೆಗೆ ಉತ್ತರಿಸಲು ಅವನ ಬಳಿ ನೆನಪುಗಳೇ ಇಲ್ಲ. ಮಿಸ್ಸಾಂಡೇಗೆ ಮಾತ್ರ ಉರಿಯುತ್ತಿದ್ದ ತನ್ನ ಊರಿನ ನೆನಪಿದೆ. ಹೊಸ ಭಾಷೆಯ ಪಾಠದ ನೆಪದಲ್ಲಿ ಇಬ್ಬರೂ ಮೊದಲ ಬಾರಿಗೆ ತಮ್ಮನ್ನು ಕುರಿತು ಮಾತನಾಡುತ್ತಾರೆ.

ಐದನೆಯ ಸರಣಿಯಲ್ಲಿ ಆಕೆ ಸಲಹೆಗಾರ್ತಿಯ ಸ್ಥಾನಕ್ಕೆ ಏರುತ್ತಾಳೆ. ಬ್ಯಾರಿಸ್ಟನ್ ಹತನಾದ ನಂತರ ದಿಕ್ಕು ತೋಚದ ಡೆನೇರಿಸ್ ಆಕೆಯ ಅಭಿಪ್ರಾಯವನ್ನು ಕೇಳುತ್ತಾಳೆ. ರಾಣಿಯು ಸಲಹೆಗಾರರ ಮಾತಿನಂತೆ ನಡೆದದ್ದೂ ಉಂಟು, ಅವರಿಗೆ ಕಾಣದ ಉತ್ತಮ ದಾರಿಯೊಂದನ್ನು ತಾನೇ ಕಂಡುಕೊಂಡದ್ದೂ ಉಂಟು ಎಂದು ಮಿಸ್ಸಾಂಡೇ ಉತ್ತರಿಸುತ್ತಾಳೆ. ಆರನೆಯ ಸರಣಿಯಲ್ಲಿ, ಡೆನೇರಿಸ್ ಇಲ್ಲದ ಅವಧಿಯಲ್ಲಿ, ಟಿರಿಯನ್ ಲ್ಯಾನಿಸ್ಟರ್ ಗುಲಾಮಗಿರಿಯನ್ನು ಏಳು ವರ್ಷಗಳಲ್ಲಿ ಹಂತಹಂತವಾಗಿ ಕೊನೆಗಾಣಿಸುವ ಒಪ್ಪಂದವನ್ನು ಒಡೆಯರ ಮುಂದಿಡುತ್ತಾನೆ. ಸಭೆಯಲ್ಲಿ ಅವನ ಪರವಾಗಿ ನಿಲ್ಲುವ ಮಿಸ್ಸಾಂಡೇ ಮತ್ತು ಗ್ರೇ ವರ್ಮ್, ಆ ಬಳಿಕ ಒಡೆಯರನ್ನು ನಂಬುವ ಅಪಾಯವನ್ನು ಅವನಿಗೆ ತಿಳಿಹೇಳುತ್ತಾರೆ. ಗುಲಾಮಗಿರಿಯನ್ನು ಕೆಲಕಾಲ ಕಂಡ ಟಿರಿಯನ್‌ಗೂ ಅದರಲ್ಲಿಯೇ ಬೆಳೆದ ಅವರಿಗೂ ಇರುವ ವ್ಯತ್ಯಾಸವು ಇಲ್ಲಿ ವ್ಯಕ್ತವಾಗುತ್ತದೆ. ಒಡೆಯರು ಒಪ್ಪಂದವನ್ನು ಮುರಿದು ನಗರದ ಮೇಲೆ ದಾಳಿ ಮಾಡಿದಾಗ ಅವರ ಎಚ್ಚರಿಕೆಯು ನಿಜವಾಗುತ್ತದೆ.

2016ರ ಜೂನ್ 12ರಂದು ಪ್ರಸಾರವಾದ ‘ನೋ ಒನ್’ ಕಂತಿನಲ್ಲಿ ಟಿರಿಯನ್ ಒತ್ತಾಯಕ್ಕೆ ಮಣಿದು ಮಿಸ್ಸಾಂಡೇ ಒಂದು ನಗೆಮಾತನ್ನು ಹೇಳುತ್ತಾಳೆ. ಅದು ಮುಳುಗುತ್ತಿರುವ ಹಡಗಿನಲ್ಲಿ ಸಿಕ್ಕ ಇಬ್ಬರು ದುಭಾಷಿಗಳ ಪ್ರಸಂಗ: ಈಜು ಬರುತ್ತದೆಯೇ ಎಂದು ಒಬ್ಬರು ಕೇಳಿದರೆ, ಈಜು ಬಾರದು, ಆದರೆ ಹತ್ತೊಂಬತ್ತು ಭಾಷೆಗಳಲ್ಲಿ ಸಹಾಯಕ್ಕಾಗಿ ಕೂಗಬಲ್ಲೆ ಎಂದು ಮತ್ತೊಬ್ಬರು ಉತ್ತರಿಸುತ್ತಾರೆ. ತನ್ನ ವಿದ್ಯೆಯ ಮಿತಿಯನ್ನು ಆಕೆ ತಾನೇ ಬಲ್ಲಳೆಂಬುದನ್ನು ಈ ನಗೆಮಾತು ಸೂಚಿಸುತ್ತದೆ.

ಡ್ರಾಗನ್‌ಸ್ಟೋನ್

ಏಳನೆಯ ಸರಣಿಯಲ್ಲಿ ಡೆನೇರಿಸ್ ವೆಸ್ಟೆರೋಸ್ ತಲುಪಿ, ತನ್ನ ಪೂರ್ವಜರ ಕೋಟೆಯಾದ ಡ್ರಾಗನ್‌ಸ್ಟೋನಿನಲ್ಲಿ ನೆಲೆಸುತ್ತಾಳೆ. ಅಲ್ಲಿ ಎಲ್ಲರೂ ಸಾಮಾನ್ಯ ಭಾಷೆಯನ್ನೇ ಆಡುವುದರಿಂದ ದಿನನಿತ್ಯದ ದುಭಾಷಿ ಕೆಲಸವು ಬಹುಮಟ್ಟಿಗೆ ನಿಂತುಹೋಗುತ್ತದೆ. ಆದರೂ ಪಾತ್ರದ ಅತ್ಯಂತ ಪ್ರಸಿದ್ಧವಾದ ಭಾಷಾಂತರವು ನಡೆಯುವುದು ಇಲ್ಲಿಯೇ. ಎರಡನೆಯ ಕಂತಿನಲ್ಲಿ ಮೆಲಿಸಾಂಡ್ರೆ ಎಂಬ ಅರ್ಚಕಿಯು ‘ವಾಗ್ದಾನಗೊಂಡ ರಾಜಕುಮಾರ’ ಬರುವನೆಂಬ ಪುರಾತನ ಭವಿಷ್ಯವಾಣಿಯನ್ನು ವಲಿರಿಯನ್ ಭಾಷೆಯಲ್ಲಿ ಹೇಳುತ್ತಾಳೆ. ತಾನು ರಾಜಕುಮಾರನಲ್ಲವೆಂದು ಡೆನೇರಿಸ್ ಹೇಳಿದಾಗ ಮಿಸ್ಸಾಂಡೇ ನಡುವೆ ಬಂದು, ರಾಣಿಯ ಅನುವಾದವು ಪೂರ್ತಿ ಸರಿಯಲ್ಲವೆಂದು ತಿದ್ದುತ್ತಾಳೆ: ಮೂಲದ ನಾಮಪದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ, ಆದುದರಿಂದ ‘ರಾಜಕುಮಾರ ಅಥವಾ ರಾಜಕುಮಾರಿ’ ಎಂದೇ ಅದನ್ನು ಅನುವಾದಿಸಬೇಕು.

ಮೂರನೆಯ ಕಂತಿನಲ್ಲಿ ಉತ್ತರದ ರಾಜ ಜಾನ್ ಸ್ನೋ ರಾಣಿಯನ್ನು ಕಾಣಲು ಬಂದಾಗ ಮಿಸ್ಸಾಂಡೇ ಆಕೆಯ ದೀರ್ಘ ಬಿರುದಾವಳಿಯನ್ನು ಸಾರುತ್ತಾಳೆ. ಅದಕ್ಕೆ ಪ್ರತಿಯಾಗಿ ಡಾವೋಸ್ ಸೀವರ್ತ್ ತನ್ನ ಒಡೆಯನನ್ನು ಒಂದೆರಡು ಮಾತುಗಳಲ್ಲಿ ಪರಿಚಯಿಸಿ ಮುಗಿಸುತ್ತಾನೆ. ನಾಲ್ಕನೆಯ ಕಂತಿನಲ್ಲಿ ಅದೇ ಇಬ್ಬರೊಂದಿಗೆ ಮಾತನಾಡುತ್ತ ಆಕೆ, ನಾಥ್ ದ್ವೀಪದಲ್ಲಿ ವಿವಾಹವೆಂಬ ಪದ್ಧತಿಯೇ ಇಲ್ಲದಿರುವುದರಿಂದ ಅಕ್ರಮ ಸಂತಾನವೆಂಬ ಕಲ್ಪನೆಯೂ ಇಲ್ಲವೆಂದು ವಿವರಿಸುತ್ತಾಳೆ. ಡೆನೇರಿಸ್ ಯಾವನೋ ರಾಜನ ಮಗಳೆಂಬ ಕಾರಣಕ್ಕಾಗಿ ತಾವು ಸೇವೆ ಮಾಡುತ್ತಿಲ್ಲ, ತಾವೇ ಆರಿಸಿಕೊಂಡ ರಾಣಿ ಅವಳು ಎಂದೂ ಹೇಳುತ್ತಾಳೆ. ಯಾರ ಮಾತನ್ನೂ ಭಾಷಾಂತರಿಸದೆ ತನ್ನ ನಿಲುವನ್ನು ತಾನೇ ದೀರ್ಘವಾಗಿ ಮಂಡಿಸುವ ಅಪರೂಪದ ಸಂದರ್ಭವಿದು.

ಅಂತ್ಯ

ಎಂಟನೆಯ ಸರಣಿಯಲ್ಲಿ ವಿಂಟರ್‌ಫೆಲ್ ಕೋಟೆಗೆ ಬಂದ ಮಿಸ್ಸಾಂಡೇ ಮತ್ತು ಗ್ರೇ ವರ್ಮ್ ಅವರನ್ನು ಅಲ್ಲಿಯ ಜನ ಪರಕೀಯರಂತೆ ಕಾಣುತ್ತಾರೆ. ಅಲ್ಲಿಯ ಭಾಷೆಯನ್ನು ನಿರರ್ಗಳವಾಗಿ ಆಡಿದರೂ ಆಕೆಗೆ ಆದರ ದೊರೆಯುವುದಿಲ್ಲ. ಯುದ್ಧ ಮುಗಿದ ಮೇಲೆ ನಾಥ್‌ಗೆ ಹೋಗಿ ನೆಲೆಸಬೇಕೆಂದು ಇಬ್ಬರೂ ನಿಶ್ಚಯಿಸುತ್ತಾರೆ.

2019ರ ಮೇ 5ರಂದು ಪ್ರಸಾರವಾದ ನಾಲ್ಕನೆಯ ಕಂತಿನಲ್ಲಿ, ಯುರಾನ್ ಗ್ರೇಜಾಯ್ ಎಂಬುವನ ನೌಕಾಪಡೆಯ ದಾಳಿಯ ನಂತರ ಮಿಸ್ಸಾಂಡೇ ಶತ್ರುಗಳ ಸೆರೆಯಾಗುತ್ತಾಳೆ. ರಾಣಿ ಸರ್ಸಿ ಅವಳನ್ನು ಸಂಕೋಲೆ ತೊಡಿಸಿ ರಾಜಧಾನಿಯ ಕೋಟೆಯ ಮೇಲೆ, ಡೆನೇರಿಸ್ ಮತ್ತು ಗ್ರೇ ವರ್ಮ್ ಅವರ ಕಣ್ಣೆದುರಿಗೆ ನಿಲ್ಲಿಸುತ್ತಾಳೆ. ಕೊನೆಯ ಮಾತೇನಾದರೂ ಇದ್ದರೆ ಹೇಳುವಂತೆ ಸೂಚಿಸಿದಾಗ ಆಕೆ ನುಡಿಯುವುದು ‘ಡ್ರಕಾರಿಸ್’ ಎಂಬ ಒಂದೇ ಶಬ್ದ. ಬಳಿಕ ಗ್ರೆಗರ್ ಕ್ಲೆಗೇನ್ ಆಕೆಯ ಶಿರಚ್ಛೇದ ಮಾಡುತ್ತಾನೆ. ಮುಂದಿನ ಕಂತಿನಲ್ಲಿ ಡೆನೇರಿಸ್ ಆಕೆಯ ಗುಲಾಮಗಿರಿಯ ಕಾಲದ ಕೊರಳಪಟ್ಟಿಯನ್ನು ಗ್ರೇ ವರ್ಮ್‌ಗೆ ಕೊಡುತ್ತಾಳೆ. ಅವನು ಅದನ್ನು ಬೆಂಕಿಗೆ ಹಾಕುತ್ತಾನೆ. ಡ್ರಾಗನ್ ಬೆಂಕಿಯಿಂದ ರಾಜಧಾನಿಯು ನಾಶವಾಗುವುದೂ ಅದೇ ಕಂತಿನಲ್ಲಿ. ಧಾರಾವಾಹಿಯ ಅಂತಿಮ ಕಂತಿನಲ್ಲಿ ಗ್ರೇ ವರ್ಮ್ ನಾಥ್‌ಗೆ ಪಯಣ ಬೆಳೆಸುತ್ತಾನೆ.

ಭಾಷೆಗಳು

ಮಾರ್ಟಿನ್ ಅವರ ಕಾದಂಬರಿಗಳಲ್ಲಿ ವಲಿರಿಯನ್ ಭಾಷೆಯ ಕೆಲವೇ ಪದಗಳೂ ನುಡಿಗಟ್ಟುಗಳೂ ಇವೆ. ಧಾರಾವಾಹಿಗಾಗಿ ಅದನ್ನು ವ್ಯಾಕರಣ ಮತ್ತು ಶಬ್ದಸಂಪತ್ತು ಉಳ್ಳ ಪೂರ್ಣ ಭಾಷೆಯನ್ನಾಗಿ ಬೆಳೆಸಿದವರು ಅಮೆರಿಕದ ಭಾಷಾನಿರ್ಮಾಪಕ ಡೇವಿಡ್ ಜೆ. ಪೀಟರ್ಸನ್. ಇದಕ್ಕೆ ಮೊದಲು ಅವರು ದೋತ್ರಾಕಿ ಎಂಬ ಅಲೆಮಾರಿ ಕುದುರೆ ಸವಾರರ ಭಾಷೆಯನ್ನೂ ಇದೇ ಧಾರಾವಾಹಿಗಾಗಿ ರಚಿಸಿದ್ದರು.

ವಲಿರಿಯನ್ ಭಾಷೆಗೆ ಎರಡು ಸ್ತರಗಳಿವೆ. ಹೈ ವಲಿರಿಯನ್ ಎಂಬುದು ಅಳಿದುಹೋದ ಸಾಮ್ರಾಜ್ಯವೊಂದರ ಪ್ರೌಢ ಭಾಷೆ. ಲೋ ವಲಿರಿಯನ್ ಎಂಬುದು ಅದರಿಂದ ಬೇರೆ ಬೇರೆ ನಗರಗಳಲ್ಲಿ ಒಡೆದು ಬೆಳೆದ ಆಡುನುಡಿಗಳ ಗುಂಪು. ಯುರೋಪಿನಲ್ಲಿ ಲ್ಯಾಟಿನ್ ಭಾಷೆಗೂ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಿಗೂ ಇರುವ ಸಂಬಂಧವನ್ನು ಇದಕ್ಕೆ ಹೋಲಿಸಬಹುದು. ಕ್ರಾಜ್ನಿಸ್ ಆಡುವುದು ಆಸ್ಟಪೋರ್‌ನ ಲೋ ವಲಿರಿಯನ್. ಡೆನೇರಿಸ್ ಅವನಿಗೆ ಮರುನುಡಿಯುವುದು ಹೈ ವಲಿರಿಯನ್ನಿನಲ್ಲಿ. ಅವಳಿಗೆ ಅವನ ಮಾತು ಅರ್ಥವಾದುದಕ್ಕೆ ಈ ನಂಟೇ ಕಾರಣ. 2017ರಲ್ಲಿ ಡ್ಯುವೊಲಿಂಗೊ ಎಂಬ ಭಾಷಾಕಲಿಕೆಯ ಜಾಲತಾಣವು ಹೈ ವಲಿರಿಯನ್ ಪಾಠಗಳನ್ನು ಆರಂಭಿಸಿತು.

ಪೀಟರ್ಸನ್ ರೂಪಿಸಿದ ಹೈ ವಲಿರಿಯನ್ ವ್ಯಾಕರಣದಲ್ಲಿ ನಾಮಪದಗಳಿಗೆ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂಬ ವಿಭಾಗವಿಲ್ಲ. ಅವು ಚಂದ್ರ, ಸೂರ್ಯ, ಭೂಮಿ ಮತ್ತು ನೀರಿನ ಹೆಸರಿನ ನಾಲ್ಕು ವರ್ಗಗಳಲ್ಲಿ ಹಂಚಿಹೋಗಿವೆ. ಹೀಗಾಗಿ ವರ್ಗವನ್ನು ನೋಡಿ ವ್ಯಕ್ತಿಯು ಗಂಡೋ ಹೆಣ್ಣೋ ಎಂದು ಹೇಳಲಾಗದು. ಇಂಗ್ಲಿಷಿನಲ್ಲಿಯಾಗಲಿ ಕನ್ನಡದಲ್ಲಿಯಾಗಲಿ ಇಂತಹ ಶಬ್ದವನ್ನು ಏಕವಚನದಲ್ಲಿ ಅನುವಾದಿಸುವಾಗ ‘ರಾಜಕುಮಾರ’, ‘ರಾಜಕುಮಾರಿ’ ಎಂಬ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಮೂಲದಲ್ಲಿ ಇಲ್ಲದ ಅರ್ಥವೊಂದು ಆ ಆಯ್ಕೆಯಿಂದ ಒಳಸೇರುತ್ತದೆ. ಡ್ರಾಗನ್‌ಸ್ಟೋನ್ ದೃಶ್ಯದಲ್ಲಿ ಮಿಸ್ಸಾಂಡೇ ಎತ್ತಿ ತೋರಿಸುವುದು ಈ ತೊಡಕನ್ನೇ. ‘ಎ ಫೀಸ್ಟ್ ಫಾರ್ ಕ್ರೋಸ್’ ಕಾದಂಬರಿಯಲ್ಲಿ ಇದೇ ಬಗೆಯ ತಿದ್ದುಪಡಿಯನ್ನು ಮಾಡುವವನು ಏಮನ್ ಎಂಬ ವಯೋವೃದ್ಧ ವಿದ್ವಾಂಸ. ಭವಿಷ್ಯವಾಣಿಯಲ್ಲಿ ರಾಜಕುಮಾರನನ್ನೇ ಹುಡುಕುತ್ತ ಬಂದದ್ದಕ್ಕೆ ಅನುವಾದದ ದೋಷವೇ ಕಾರಣವೆಂದು ಅವನು ಸಾವಿನ ಸಮೀಪದಲ್ಲಿ ಮನಗಾಣುತ್ತಾನೆ. ಧಾರಾವಾಹಿಯು ಈ ವಿಚಾರವನ್ನು ದುಭಾಷಿಯ ಬಾಯಲ್ಲಿ ಹೇಳಿಸಿದೆ.

ದುಭಾಷಿಯಾಗಿ ಪಾತ್ರದ ಮಹತ್ವ

ಬರಹವನ್ನು ಅನುವಾದಿಸುವವನಿಗೆ ಯೋಚಿಸಲು, ತಿದ್ದಲು ಕಾಲಾವಕಾಶವಿರುತ್ತದೆ. ಮಾತನ್ನು ಅಲ್ಲಿಯೇ ಭಾಷಾಂತರಿಸುವ ದುಭಾಷಿಗೆ ಆ ಅವಕಾಶವಿಲ್ಲ. ಹೇಳಿದವನೂ ಕೇಳುವವನೂ ಎದುರಿನಲ್ಲಿಯೇ ಇರುತ್ತಾರೆ. ನಾಟಕ ಮತ್ತು ಚಲನಚಿತ್ರಗಳಲ್ಲಿ ದುಭಾಷಿಯ ಪಾತ್ರವು ಸಾಮಾನ್ಯವಾಗಿ ಕಥೆಯನ್ನು ಮುಂದೆ ಸಾಗಿಸುವ ಒಂದು ಅನುಕೂಲವಾಗಿ ಮಾತ್ರ ಬರುತ್ತದೆ. ಮಿಸ್ಸಾಂಡೇಯ ವಿಷಯದಲ್ಲಿ ಭಾಷಾಂತರದ ಕ್ರಿಯೆಯೇ ನಾಟಕೀಯ ಘಟನೆಯಾಗಿದೆ.

ಆಸ್ಟಪೋರ್‌ನಲ್ಲಿ ಆಕೆ ಮಾತನ್ನು ಮೃದುಗೊಳಿಸುತ್ತಾಳೆ, ಮೀರೀನ್ ಬಾಗಿಲಲ್ಲಿ ಯಥಾವತ್ತಾಗಿ ಹೇಳುತ್ತಾಳೆ, ಡ್ರಾಗನ್‌ಸ್ಟೋನಿನಲ್ಲಿ ತನ್ನ ರಾಣಿಯನ್ನೇ ತಿದ್ದುತ್ತಾಳೆ. ಕೇಳುವವರಲ್ಲಿ ಆಕೆಗಿರುವ ಭಯ ಅಥವಾ ವಿಶ್ವಾಸವು ಎಷ್ಟೆಂಬುದು ಅನುವಾದದ ರೀತಿಯಿಂದಲೇ ತಿಳಿಯುತ್ತದೆ. ಕೊನೆಯಲ್ಲಿ ಆಕೆ ಆಡುವ ಶಬ್ದವು ಡೆನೇರಿಸ್‌ಳ ಮಾತೃಭಾಷೆಯದು. ಸುತ್ತಲಿದ್ದ ಶತ್ರುಗಳ ಸಲುವಾಗಿ ಆಕೆ ಅದನ್ನು ಅನುವಾದಿಸುವುದಿಲ್ಲ. ಆಕೆಗೆ ಬಿಡುಗಡೆ ದೊರೆತ ದಿನ ಆಜ್ಞೆಯಾಗಿ ಕೇಳಿಬಂದಿದ್ದ ಆ ಶಬ್ದವನ್ನು ಆಕೆ ಯಾರ ಪರವಾಗಿಯೂ ಅಲ್ಲದೆ, ತನ್ನ ಸ್ವಂತ ಮಾತಾಗಿ ನುಡಿಯುತ್ತಾಳೆ.

ನಾಯಕಿಗೂ ಆಕೆ ಆಳುವ ಜನರಿಗೂ ನಡುವಿನ ಕೊಂಡಿಯೂ ಈ ಪಾತ್ರವೇ. ಡೆನೇರಿಸ್ ಗುಲಾಮರ ಪರವಾಗಿ ಯುದ್ಧ ಮಾಡುವ ರಾಜಕುವರಿ. ಗುಲಾಮಗಿರಿಯ ಅನುಭವವು ಒಳಗಿನಿಂದ ತಿಳಿದಿರುವುದು ಮಿಸ್ಸಾಂಡೇಗೆ. ಆಕೆಯ ಮರಣದ ನಂತರ ಡೆನೇರಿಸ್ ತನ್ನ ಆಪ್ತರಿಂದ ದೂರವಾಗಿ, ಯಾರ ಮಾತನ್ನೂ ಕೇಳದ ಸ್ಥಿತಿಗೆ ತಲುಪುತ್ತಾಳೆ.

ಅಭಿನಯ

ನಥಾಲಿ ಇಮ್ಯಾನ್ಯುಯೆಲ್ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಸೌತೆಂಡ್ ಆನ್ ಸೀ ಪಟ್ಟಣದಲ್ಲಿ 1989ರ ಮಾರ್ಚ್ 2ರಂದು ಜನಿಸಿದರು. ‘ಹಾಲಿಯೋಕ್ಸ್’ ಎಂಬ ಬ್ರಿಟಿಷ್ ದೈನಿಕ ಧಾರಾವಾಹಿಯಲ್ಲಿ ಸಾಶಾ ವ್ಯಾಲೆಂಟೈನ್ ಪಾತ್ರವನ್ನು ನಿರ್ವಹಿಸಿದ್ದ ಅವರಿಗೆ ಮಿಸ್ಸಾಂಡೇ ಪಾತ್ರವು ಅಂತಾರಾಷ್ಟ್ರೀಯ ಖ್ಯಾತಿ ತಂದಿತು. 2015ರಲ್ಲಿ ತೆರೆಕಂಡ ‘ಫ್ಯೂರಿಯಸ್ 7’ ಚಲನಚಿತ್ರದಲ್ಲಿಯೂ ಅವರು ನಟಿಸಿದ್ದಾರೆ. ಧಾರಾವಾಹಿಯಲ್ಲಿ ಡೆನೇರಿಸ್ ಪಾತ್ರವನ್ನು ಎಮಿಲಿಯಾ ಕ್ಲಾರ್ಕ್, ಗ್ರೇ ವರ್ಮ್ ಪಾತ್ರವನ್ನು ಜೇಕಬ್ ಆಂಡರ್ಸನ್ ಮತ್ತು ಕ್ರಾಜ್ನಿಸ್ ಪಾತ್ರವನ್ನು ಡ್ಯಾನ್ ಹಿಲ್ಡೆಬ್ರಾಂಡ್ ನಿರ್ವಹಿಸಿದರು. ಕಲ್ಪಿತ ಭಾಷೆಗಳ ಸಂಭಾಷಣೆಗಳನ್ನು ಕಲಿಯಲು ನಟರಿಗೆ ಪೀಟರ್ಸನ್ ಅವರ ಧ್ವನಿಮುದ್ರಿಕೆಗಳು ನೆರವಾದವು.

ವಿಮರ್ಶೆ

ಮೂರನೆಯ ಸರಣಿಯ ಆಸ್ಟಪೋರ್ ಪ್ರಸಂಗವು ಧಾರಾವಾಹಿಯ ಬಹುಚರ್ಚಿತ ಭಾಗಗಳಲ್ಲಿ ಒಂದು. ಅದೇ ಸರಣಿಯ ಕೊನೆಯಲ್ಲಿ ಕಂದುಬಣ್ಣದ ಜನಸಮೂಹವು ಬಿಳಿಯ ರಾಣಿಯನ್ನು ಎತ್ತಿ ಹಿಡಿದು ‘ತಾಯಿ’ ಎಂದು ಕೂಗುವ ದೃಶ್ಯವು ಮಾತ್ರ ಟೀಕೆಗೆ ಒಳಗಾಯಿತು. ಬಿಳಿಯರೇ ಇತರರ ಉದ್ಧಾರಕರೆಂಬ ಹಳೆಯ ಧೋರಣೆಯನ್ನು ಅದು ಮರುಕಳಿಸುತ್ತದೆಂದು ವಿಮರ್ಶಕರು ಆಕ್ಷೇಪಿಸಿದರು.

ಮಿಸ್ಸಾಂಡೇಯ ಮರಣದ ಚಿತ್ರಣಕ್ಕೆ ಇನ್ನೂ ತೀವ್ರವಾದ ವಿರೋಧ ವ್ಯಕ್ತವಾಯಿತು. ಬಿಳಿಯರೇ ಹೆಚ್ಚಾಗಿದ್ದ ಪಾತ್ರವರ್ಗದಲ್ಲಿ ದೀರ್ಘಕಾಲ ಉಳಿದ ಏಕೈಕ ಕಪ್ಪು ಸ್ತ್ರೀಪಾತ್ರವನ್ನು, ಅದರಲ್ಲಿಯೂ ಗುಲಾಮಗಿರಿಯಿಂದ ಪಾರಾಗಿ ಬಂದವಳನ್ನು, ಮತ್ತೆ ಸಂಕೋಲೆ ತೊಡಿಸಿ ಕೊಲ್ಲಲಾಯಿತು ಎಂಬುದು ಮುಖ್ಯ ಆಕ್ಷೇಪ. ಆಕೆಯ ಸಾವು ಆಕೆಯ ಸ್ವಂತ ಕಥೆಯ ಮುಕ್ತಾಯವಾಗಿ ಮೂಡಿಬರದೆ, ಡೆನೇರಿಸ್ ಮತ್ತು ಗ್ರೇ ವರ್ಮ್ ಅವರ ಕ್ರೋಧಕ್ಕೆ ನಿಮಿತ್ತವಾಗಿ ಮಾತ್ರ ಬಳಕೆಯಾಯಿತೆಂದೂ ಹಲವರು ಬರೆದರು. ನಟಿಯೂ ಸಂದರ್ಶನಗಳಲ್ಲಿ ಈ ಚರ್ಚೆಯನ್ನು ಕುರಿತು ಮಾತನಾಡಿದ್ದಾರೆ. ಕಾದಂಬರಿ ಮಾಲೆಯು ಇನ್ನೂ ಪೂರ್ಣಗೊಂಡಿಲ್ಲವಾದುದರಿಂದ, ಧಾರಾವಾಹಿಯಲ್ಲಿ ಕಂಡ ಅಂತ್ಯವನ್ನು ಕಾದಂಬರಿಯ ಬಾಲಕಿಗೂ ಅನ್ವಯಿಸಿ ಹೇಳುವುದು ಸಾಧ್ಯವಿಲ್ಲ.